ಘೋಣಸಗಿಯ ಹುಡುಗಿ ತುಂಬಿದ ಹಾಳಿ

ಆ ಹಾಳಿಗಳ ಗಂಟು ಈಗಲೂ ನನ್ನ ಅಲಮಾರಿಯಲ್ಲಿದೆ. ವಾರಕ್ಕೊಮ್ಮೆಯಾದರೂ ಬಿಚ್ಚುತ್ತೇನೆ, ಒಂದೇ ಒಂದು ಹಾಳಿ ತೆಗೆದು ನೋಡುತ್ತೇನೆ, ಮತ್ತೆ ಕಟ್ಟುತ್ತೇನೆ. ‘ಪ್ರಬಂಧ ಕೊಟ್ಟು ಮುಗೀತಲ್ಲ, ಇನ್ನೇನ ನೋಡ್ತಿ ಅದರಾಗ?’ ಎಂದು ನಮ್ಮ ಯಜಮಾನರು ಕೇಳುತ್ತಾರೆ. ಮೈಯೆಲ್ಲ ಉರಿಯುತ್ತದೆ. ಪಾಪ, ಅವರದೇನೂ ತಪ್ಪಿಲ್ಲ.

ವಿಜಯಪುರದಲ್ಲಿ ಮನೆ, ಟಿಕೋಟಾದ ಕಾಲೇಜಿನಲ್ಲಿ ಸಮಾಜಶಾಸ್ತ್ರದ ಪಾಠ, ದಿನಾ ಸ್ಕೂಟಿಯ ಮೇಲೆ ಓಡಾಟ. ಪಿಎಚ್.ಡಿ.ಗೆ ನಾನು ಆರಿಸಿಕೊಂಡದ್ದು ಸುಸ್ಥಿರ ಅಭಿವೃದ್ಧಿಯ ವಿಷಯ: ಅದರ ಬಗ್ಗೆ ಹುಡುಗರ ಮನೋಭಾವ ಹೇಗಿದೆ, ಹುಡುಗಿಯರದು ಹೇಗಿದೆ ಎಂದು. ವಿಜಯಪುರ, ಟಿಕೋಟಾ, ಬಬಲೇಶ್ವರ, ಮೂರೂ ಕಡೆ ಕಾಲೇಜುಗಳಿಗೆ ಹೋಗಿ ಪ್ರಶ್ನಾವಳಿ ಹಂಚಿದೆ. ಹೆಸರು ಬರೆಯುವಂತಿಲ್ಲ. ಊರು, ತರಗತಿ, ಗಂಡೋ ಹೆಣ್ಣೋ, ಅಷ್ಟೇ. ಅದರಲ್ಲಿ ಒಂದು ಹೇಳಿಕೆ: ‘ಪರಿಸರದ ಹಿತಕ್ಕಾಗಿ ಸ್ವಂತ ವಾಹನ ಬಿಟ್ಟು ಬಸ್ಸಿನಲ್ಲಿ ಓಡಾಡಬೇಕು.’ ಹುಡುಗಿಯರು ಸಾಲಾಗಿ ‘ಪೂರ್ತಿ ಒಪ್ಪುತ್ತೇನೆ’ ಎಂಬಲ್ಲಿ ಟಿಕ್ ಹಾಕಿದ್ದರು. ಹುಡುಗರದು ಬೇರೆಯೇ ರಾಗ. ಬಬಲೇಶ್ವರದ ಒಬ್ಬನಂತೂ ಪಕ್ಕದಲ್ಲಿ ಬರೆದೇ ಬಿಟ್ಟಿದ್ದ: ‘ಬಸ್ಸಿನ್ಯಾಗ ಹೋದ್ರ ನಮ್ಮನ್ನ ಯಾರ ನೋಡ್ತಾರ್ರಿ?’ ನಕ್ಕು ನಕ್ಕು ಸಾಕಾಯಿತು. ಹುಡುಗಿಯರಿಗೇ ಪರಿಸರದ ಕಾಳಜಿ ಹೆಚ್ಚು ಎಂದು ನಾನು ಮನಸ್ಸಿನಲ್ಲೇ ಬರೆದುಕೊಂಡೂ ಆಗಿತ್ತು.

ನಮ್ಮ ಕಾಲೇಜಿನ ಬಿ.ಎಸ್ಸಿ. ಕೊನೆಯ ವರ್ಷದಲ್ಲಿ ಘೋಣಸಗಿಯವಳು ಒಬ್ಬಳೇ ಹುಡುಗಿ. ಹೀಗಾಗಿ ಅವಳ ಹಾಳಿ ಯಾವುದೆಂದು ಗೊತ್ತಾಯಿತು. ಅದೇ ಹೇಳಿಕೆಗೆ ಅವಳು ‘ಸ್ವಲ್ಪವೂ ಒಪ್ಪುವುದಿಲ್ಲ’ ಎಂಬಲ್ಲಿ ಟಿಕ್ ಹಾಕಿ, ಅದರ ಮೇಲೆಯೇ ಮತ್ತೊಮ್ಮೆ ಒತ್ತಿ ತಿದ್ದಿದ್ದಳು. ಅವಸರದಲ್ಲಿ ತಪ್ಪಿ ಹಾಕಿದ್ದಾಳೆ ಎಂದುಕೊಂಡೆ. ಸುಳ್ಳು ಯಾಕೆ, ಹಾಗೆ ಅಂದುಕೊಳ್ಳುವುದೇ ನನಗೆ ಅನುಕೂಲವಾಗಿತ್ತು. ವೈಟ್ನರ್ ಬಳಿದೆ, ಒಣಗುವವರೆಗೆ ಊದಿದೆ, ‘ಪೂರ್ತಿ ಒಪ್ಪುತ್ತೇನೆ’ ಎಂಬಲ್ಲಿ ನಾನೇ ಟಿಕ್ ಹಾಕಿದೆ. ಕರೆದು ಕೇಳಬಹುದಿತ್ತು. ದಿನಾ ಕಣ್ಣೆದುರು ಓಡಾಡುವ ಹುಡುಗಿ!

ಕೆಲವು ತಿಂಗಳ ನಂತರ ಘೋಣಸಗಿಯಲ್ಲಿ ನಮ್ಮ ಅಕ್ಕನ ಮಗಳ ಕುಬಸ, ಅಂದರೆ ಸೀಮಂತ, ಇತ್ತು. ಯಜಮಾನರು ನನ್ನನ್ನು ಅಲ್ಲಿಗೆ ಬಿಟ್ಟು ಸ್ಕೂಟಿ ತೆಗೆದುಕೊಂಡು ಹೋದರು. ಮರುದಿನ ಬೆಳಿಗ್ಗೆ ಕಾಲೇಜಿಗೆಂದು ಬಸ್ ನಿಲ್ದಾಣಕ್ಕೆ ಬಂದರೆ ಒಂದು ನರಪಿಳ್ಳೆಯೂ ಇಲ್ಲ. ಗೋಡೆಯ ಹಿಂದಿನಿಂದ ಯಾರೋ ‘ಮೇಡಂ’ ಎಂದರು. ನೋಡಿದರೆ ನಮ್ಮ ಬಿ.ಎಸ್ಸಿ. ಹುಡುಗಿ! ಜೊತೆಗೆ ಇನ್ನೂ ನಾಲ್ಕಾರು ಹುಡುಗಿಯರು ಗೋಡೆಗೆ ಅಂಟಿಕೊಂಡು ನಿಂತಿದ್ದಾರೆ. ಇವಳ ಕೈಯಲ್ಲಿ ಮಡಿಚಿದ ಬಿಳಿ ಕೋಟು. ಅಂದು ರಸಾಯನಶಾಸ್ತ್ರದ ಪ್ರಾಯೋಗಿಕ ಪರೀಕ್ಷೆ. ಅದು ತಪ್ಪಿದರೆ ಒಂದು ವರ್ಷ ಹೋದಂತೆಯೇ.

‘ಇದ್ಯಾಕವಾ, ಇಲ್ಲಿ ಅಡಗಿ ನಿಂತೀರಿ?’

‘ಬರೇ ಹೆಣ್ಮಕ್ಕಳು ನಿಂತಿದ್ರ ಬಸ್ ನಿಲ್ಲಸೂದಿಲ್ರಿ ಮೇಡಂ. ನಮಗ ಟಿಕೆಟ್ ಇಲ್ಲಲ್ರಿ, ಪುಕ್ಕಟೆ ಗಿರಾಕಿ ಅಂತಾರ. ಚಾ ಅಂಗಡಿ ಕಾಕಾ ಬಂದು ಕೈ ಮಾಡಿದ್ರ ನಿಲ್ಲತೈತ್ರಿ. ಆವಾಗ ನಾವು ಓಡಿ ಹತ್ತತೀವಿ. ತಡೀರಿ, ಕಾಕಾನ್ನ ಕರಕೊಂಡು ಬರ್ತೀನಿ.’

ನನಗೆ ರೇಗಿಹೋಯಿತು. ‘ಯಾರನ್ನೂ ಕರೀಬ್ಯಾಡ. ಕಳ್ಳರಂಗ ಯಾಕ ಅಡಗಬೇಕು? ಎಲ್ಲಾರೂ ಮುಂದ ಬರ್ರಿ. ನಾ ಕೈ ಮಾಡ್ತೀನಿ, ಹೆಂಗ ನಿಲ್ಲಸೂದಿಲ್ಲ ನೋಡೂಣು.’

‘ಇವತ್ತೊಂದಿನ ಬ್ಯಾಡ್ರಿ ಮೇಡಂ. ಪರೀಕ್ಷಾ ಐತ್ರಿ.’

‘ನಾ ಅದೀನೆಲ್ಲ!’

ಬಸ್ಸು ಬಂತು. ಸೀರೆಯ ನೆರಿಗೆ ಸರಿ ಮಾಡಿಕೊಂಡು ರಸ್ತೆಗಿಳಿದು ಕೈ ಎತ್ತಿದೆ. ಬಸ್ಸು ಚೂರು ಬಲಕ್ಕೆ ಸರಿದು, ಧೂಳೆಬ್ಬಿಸಿ ಹೋಗೇಬಿಟ್ಟಿತು. ಎತ್ತಿದ ಕೈ ಇಳಿಸಲಿಕ್ಕೂ ನಾಚಿಕೆಯಾಯಿತು. ಅಂಗಡಿಯಿಂದ ಓಡಿಬಂದ ಕಾಕಾ ಅವಳಿಗೇ ಬೈದರು: ‘ನನಗ ಒಂದ್ ಮಾತ ಹೇಳಬಾರದಿತ್ತೇನ ಬೇ?’ ಅವಳು ನನ್ನ ಹೆಸರು ಎತ್ತಲಿಲ್ಲ.

ಬಹಳ ಹೊತ್ತಿನ ಮೇಲೆ ಒಣದ್ರಾಕ್ಷಿ ಹೇರಿಕೊಂಡು ಹೊರಟ ಟೆಂಪೊ ಸಿಕ್ಕಿತು. ದಾರಿಯುದ್ದಕ್ಕೂ ಕಾಲೇಜಿಗೆ ಫೋನ್ ಮಾಡುತ್ತಲೇ ಇದ್ದೆ. ಟಿಕೋಟಾ ಮುಟ್ಟಿದಾಗ ಪರೀಕ್ಷೆ ಅರ್ಧ ಮುಗಿದಿತ್ತು. ಹೊರಗಿನಿಂದ ಬಂದಿದ್ದ ಪರೀಕ್ಷಕರ ಮುಂದೆ ಕೈ ಮುಗಿದೆ, ತಪ್ಪು ನನ್ನದೆಂದೆ. ಮುಂದಿನ ವರ್ಷ ಬರೆಯಲಿ ಎಂದು ಬಾಗಿಲು ಹಾಕಿಕೊಂಡರು.

ಅವಳು ಕೋಟನ್ನು ಮಡಿಲಲ್ಲಿಟ್ಟುಕೊಂಡು ಮೆಟ್ಟಿಲ ಮೇಲೆ ಕುಳಿತಿದ್ದಳು. ‘ಮತ್ತ ಒಂದ್ ವರ್ಷ ಇದ ಬಸ್ಸೇನ್ರಿ?’ ಎಂದಳು. ನನಗೆ ಅಲ್ಲಿ ನಿಲ್ಲಲಾಗಲಿಲ್ಲ, ಹೋಗಲೂ ಆಗಲಿಲ್ಲ. ಬಾಯಿಗೆ ಬಂದದ್ದನ್ನು ಕೇಳಿಬಿಟ್ಟೆ: ‘ಈ ಬಸ್ಸಿನ ಗೋಳು ನನಗ ಮೊದಲ ಯಾಕ ಹೇಳಲಿಲ್ಲವಾ?’

ಅವಳು ತಲೆ ಎತ್ತಿ ನೋಡಿದಳು.

‘ಹೇಳಿದ್ನೆಲ್ರಿ ಮೇಡಂ. ನೀವ ಕೊಟ್ಟಿದ್ರೆಲ್ಲ ಹಾಳಿ, ಅದರಾಗ. ನಿಮಗ ಚಂದಂಗ ಕಾಣಲೆಂತ ಎರಡ ಸಲ ತಿದ್ದಿದ್ದೆ.’