ಶನಿಯನ್ನು ನೋಡಲು ಹುಡುಕಿದ ಗುಡ್ಡ

ಹಾನಗಲ್ಲಿನ ಶಾಲೆಗೆ ನಾನು ಹೊಸ ಮಾಸ್ತರನಾಗಿ ಸೇರಿದಾಗ, ಅಲ್ಲಿಯ ಹಿರಿಯ ಗಣಿತದ ಮಾಸ್ತರರು ಆಗಲೇ ಒಂದು ಕಣ್ಣು ಕಳೆದುಕೊಂಡಿದ್ದರು. ಇನ್ನೊಂದೂ ಬಹಳ ದಿನ ಉಳಿಯುವುದಿಲ್ಲವೆಂದು ಡಾಕ್ಟರರು ಹೇಳಿ ಕಳಿಸಿದ್ದರು. ಅವರಿಗೆ ಇದ್ದದ್ದು ಒಂದೇ ಆಸೆ, ಶನಿಯ ಸುತ್ತಲಿನ ಉಂಗುರವನ್ನು ಒಮ್ಮೆ ಕಣ್ಣಾರೆ ನೋಡಬೇಕೆಂಬುದು. ಪಂಚಾಂಗ ಗುಣಿಸುವ ವೈಷ್ಣವ ಮನೆತನದವರು. ಶನಿ ಯಾವ ರಾಶಿಯಲ್ಲಿದ್ದಾನೆಂದು ನಿದ್ದೆಗಣ್ಣಿನಲ್ಲೂ ಹೇಳುತ್ತಿದ್ದರು, ನೋಡಿದ್ದು ಮಾತ್ರ ಬರಿಯ ಚುಕ್ಕಿಯನ್ನು.

ಅದು ಯುದ್ಧದ ಕಾಲ. ನಾಲ್ಕು ತಾಲೂಕಿನ ಏಳೆಂಟು ಮಂದಿ ಕೂಡಿ ನಕ್ಷತ್ರ ನೋಡುವ ಮಂಡಳಿಯೊಂದನ್ನು ಕಟ್ಟಿಕೊಂಡಿದ್ದೆವು. ಮಂಡಳಿಗೆ ಅಧ್ಯಕ್ಷರಿದ್ದರು, ಕಾರ್ಯದರ್ಶಿಯಿದ್ದ, ನಿಯಮಗಳಿದ್ದವು. ದುರ್ಬೀನು ಮಾತ್ರ ಇರಲಿಲ್ಲ. ಅದು ಇದ್ದದ್ದು ಸವಣೂರಿನಲ್ಲಿ, ಸರ್ವೇ ಖಾತೆಯಿಂದ ನಿವೃತ್ತರಾದ ಒಬ್ಬ ಮುದುಕರ ಮನೆಯಲ್ಲಿ. ಹಿತ್ತಾಳೆಯ ಕೊಳವೆ, ಕಬ್ಬಿಣದ ಮೂರು ಕಾಲು, ಇಬ್ಬರು ಹಿಡಿದು ಎತ್ತಬೇಕಾದ ಪೆಟ್ಟಿಗೆ. ದೀಪಾವಳಿ ಮುಗಿಯುತ್ತಲೇ, ಯಾವಾಗ ಬೇಕಾದರೂ ಬಂದು ನೋಡಿರೆಂದು ಅವರು ಹೇಳಿ ಕಳಿಸಿದರು.

"ಅವರ ಅಂಗಳದಾಗ ನೋಡಿದರ ಸಾಕಲ್ಲಪಾ," ಎಂದರು ಮಾಸ್ತರರು. "ಶನಿ ನೆತ್ತಿ ಮ್ಯಾಲೇ ಬರ್ತಾನ."

ನಾನು ಒಪ್ಪಲಿಲ್ಲ. ಇಪ್ಪತ್ನಾಲ್ಕರ ವಯಸ್ಸು, ಮಂಡಳಿಯ ಕಾರ್ಯದರ್ಶಿ ಬೇರೆ, ನನ್ನ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ನೋಡಿದರೆ ಎಲ್ಲರೂ ಕೂಡಿ, ತಕ್ಕ ಜಾಗದಲ್ಲಿ ನೋಡಬೇಕು ಎಂದು ಹಟ ಹಿಡಿದೆ. ರವಿವಾರ ಬಂತೆಂದರೆ ಸೈಕಲ್ ಹತ್ತಿ ಜಾಗ ಹುಡುಕಲು ಹೊರಡುತ್ತಿದ್ದೆ. ತಿಳವಳ್ಳಿಯ ಕಡೆ ಒಂದು ಕೆರೆ ಏರಿ ಚೆನ್ನಾಗಿತ್ತು, ನೀರಿನ ಮೇಲೆ ಮಂಜು ಕೂಡ್ರುತ್ತದೆಂದು ಬಿಟ್ಟೆ. ಹಿರೇಕೆರೂರಿನ ಹತ್ತಿರದ ಹತ್ತಿಹೊಲಕ್ಕೆ ಒಂದು ಬೇವಿನ ಮರ ಅಡ್ಡ ಬಂತು. ಸವಣೂರಿನ ಎಲೆತೋಟಗಳ ನಡುವೆ ಆಕಾಶವೇ ಸಾಲದಾಯಿತು. ಕನ್ಯೆ ನೋಡಲು ಹೋದ ವರನ ಸೋದರತ್ತೆಯ ಹಾಗೆ ಒಂದೊಂದಕ್ಕೂ ಒಂದೊಂದು ಕೊಂಕು ತೆಗೆದೆ. ಸೋಮವಾರ ಶಾಲೆಯಲ್ಲಿ ಅದನ್ನೆಲ್ಲ ಬಣ್ಣಿಸುತ್ತಿದ್ದರೆ ಮಾಸ್ತರರು ನಗುತ್ತ ಕೇಳುತ್ತಿದ್ದರು.

ಸಂಕ್ರಾಂತಿಯ ಹೊತ್ತಿಗೆ, ಶಿಗ್ಗಾಂವ ರಸ್ತೆಯಿಂದ ಒಳಗೆ ಒಂದು ಬೋಳು ಗುಡ್ಡ ನನ್ನ ಮನಸ್ಸಿಗೆ ಬಂತು. ಕತ್ತಲೆ ಗಟ್ಟಿಯಾಗಿರಲೆಂದು ಅಮಾವಾಸ್ಯೆಯ ದಿನವನ್ನೇ ಗೊತ್ತು ಮಾಡಿದೆವು. ತಿಥಿ ನೋಡಿ ಹೇಳಿದವರು ಮಾಸ್ತರರು. ನಾನು ಅದನ್ನು ಇಂಗ್ಲಿಷ್ ತಾರೀಖಿಗೆ ತಿರುಗಿಸಿ ಎಲ್ಲರಿಗೂ ಕಾಗದ ಬರೆದೆ. ಪೆಟ್ಟಿಗೆ ತರಲು ಸವಣೂರಿನ ಚಕ್ಕಡಿಯವನಿಗೂ ಅದೇ ತಾರೀಖು ಹೇಳಿ ಬಂದೆ.

ಆ ಸಂಜೆ ಗುಡ್ಡದ ಮೇಲೆ ಎಲ್ಲರೂ ಸೇರಿದರು. ಮಾಸ್ತರರು ನನ್ನ ಭುಜ ಹಿಡಿದು ಹತ್ತಿದರು. ಚಕ್ಕಡಿ ಬರಲಿಲ್ಲ. ಕತ್ತಲಾದ ಮೇಲೆ ನಮ್ಮ ಸವಣೂರಿನ ಸದಸ್ಯರು ಸೈಕಲ್ ನೂಕುತ್ತ ಒಬ್ಬರೇ ಬಂದರು.

"ಅಮಾಸಿ ದಿನಾ ಎತ್ತಿನ ಕೊಳ್ಳಿಗೆ ನೊಗಾ ಇಡಂಗಿಲ್ಲಂತ. ಇವತ್ತ ಅಮಾಸಿ ಅಂತ ಮುಂಜಾನಿ ಗೊತ್ತಾತಂತ ಆ ಚಕ್ಕಡಿಯಂವಗ. ಎಷ್ಟು ಹೇಳಿದ್ರೂ ಕೈ ಮುಗದು ಒಳಗ ಹ್ವಾದ," ಎಂದರು.

ನಾನು ಒಕ್ಕಲುತನದ ಮನೆಯಲ್ಲಿ ಹುಟ್ಟಿದವನು. ಅಮಾವಾಸ್ಯೆ ಬಂದರೆ ನಮ್ಮಪ್ಪ ಎತ್ತುಗಳ ಮೈ ತೊಳೆದು, ಮೇವು ಹಾಕಿ, ಅವನ್ನು ಮುಟ್ಟುತ್ತಲೇ ಇರಲಿಲ್ಲ. ಮಾಸ್ತರರಿಗೆ ತಿಥಿ ಗೊತ್ತಿತ್ತು, ಎತ್ತಿನ ಸಂಗತಿ ಗೊತ್ತಿರಲಿಲ್ಲ. ನನಗೆ ಎರಡೂ ಗೊತ್ತಿದ್ದವು. ತಲೆಯ ಮೇಲೆ ಇಡೀ ಆಕಾಶ ಚುಕ್ಕಿ ತುಂಬಿಕೊಂಡು ನಿಂತಿತ್ತು, ನಾನು ನಾಚಿಕೆಯಿಂದ ತಲೆ ತಗ್ಗಿಸಿ ಕೂತಿದ್ದೆ. ಯಾರೂ ನನ್ನನ್ನು ಬಯ್ಯಲಿಲ್ಲ. ಬಯ್ದಿದ್ದರೆ ಚೆನ್ನಾಗಿತ್ತು.

ಮರುದಿನ ಮಾಸ್ತರರೂ ನಾನೂ ಇಬ್ಬರೇ ಬಸ್ಸು ಹತ್ತಿ ಸವಣೂರಿಗೆ ಹೋದೆವು. ಸರ್ವೇದ ಮುದುಕರು ತಮ್ಮ ಅಂಗಳದಲ್ಲೇ ದುರ್ಬೀನು ನಿಲ್ಲಿಸಿ, ಶನಿಗೆ ಗುರಿ ಹಿಡಿದು ಕೊಟ್ಟರು. ಸುತ್ತ ಗೋಡೆ, ಪಕ್ಕದ ಮನೆಯ ಒಲೆಯ ಹೊಗೆ, ಮೂಲೆಯಲ್ಲಿ ಕಟ್ಟಿದ ಎಮ್ಮೆ. ಮಾಸ್ತರರು ಕಣ್ಣಿಟ್ಟರು. ಬಹಳ ಹೊತ್ತು ಬಗ್ಗಿಯೇ ಇದ್ದರು.

"ಏನೂ ಕಾಣವಲ್ಲದು," ಎಂದು ಹಿಂದೆ ಸರಿದರು.

ಕೊಳವೆ ಅಲುಗಿರಬೇಕೆಂದು ನಾನು ನೋಡಿದೆ. ಶನಿ ನಟ್ಟನಡುವೆ ಇದ್ದ. ಉಂಗುರ ಗೆರೆ ಎಳೆದಷ್ಟು ಸ್ಪಷ್ಟವಾಗಿತ್ತು. ಹೊಗೆಯಾಗಲಿ ಗೋಡೆಯಾಗಲಿ ಅವನಿಗೆ ಅಡ್ಡ ಬಂದಿರಲಿಲ್ಲ.

"ನಿನಗ ಕಾಣಸ್ತದೇನು?"

ಇಲ್ಲ ಎನ್ನಬಹುದಿತ್ತು. ಅಷ್ಟು ಬುದ್ಧಿಯೂ ಹೊಳೆಯಲಿಲ್ಲ. "ಕಾಣಸ್ತೈತ್ರಿ," ಎಂದೆ. ಆಮೇಲೆ ಅಳು ತಡೆಯಲಾಗದೆ, ನಿನ್ನೆ ಚಕ್ಕಡಿ ಬಂದಿದ್ದರೆ ನಿಮಗೂ ಕಾಣುತ್ತಿತ್ತೇನೋ, ಎಲ್ಲ ನನ್ನ ತಪ್ಪು ಎಂದುಬಿಟ್ಟೆ.

ಅವರು ಕೈಯಾಡಿಸಿ ನನ್ನ ತೋಳು ಹುಡುಕಿ ಹಿಡಿದರು.

"ಇದು ನಿನ್ನಿ ಮಾತಲ್ಲಪಾ. ಹೋದ ತಿಂಗಳ ಎಳ್ಳಮಾಸಿ ಆದಾಗಿಂದ ನನಗ ಒಂದ ಚುಕ್ಕಿನೂ ಕಂಡಿಲ್ಲ. ಹಗಲಿನಾಗ ಹ್ಯಾಂಗೋ ನಡೀತದ, ಅಷ್ಟ. ಹೇಳಬೇಕಂತ ಎರಡು ಸಲ ಬಾಯಿ ತಗದೆ. ನೀ ಜಾಗಾ ಹುಡುಕೋ ಹುರುಪಿನಾಗ ಇದ್ದಿ, ಹ್ಯಾಂಗ ಹೇಳಲಿ?"