ಮೊದಲು ಅತ್ತೆಗೆ ಹೇಳಿದ ಮಾತು

ಮಗಳಿಗೆ ಬಿಳಿ ಸೆರಗು ಹೋಗುತ್ತಿದೆ ಎಂಬ ಸುದ್ದಿ ನನಗೆ ಬಂದದ್ದು ನರಸೀಪುರದಿಂದ, ಫೋನಿನಲ್ಲಿ. ಆಗ ಮಗಳು ನಂಜನಗೂಡಿನ ನಮ್ಮ ಮನೆಯಲ್ಲೇ, ಪಕ್ಕದ ಕೋಣೆಯಲ್ಲಿ ಹೋಂವರ್ಕ್ ಮಾಡುತ್ತಿದ್ದಳು. ಹೇಳಿದವಳು ನನ್ನ ತಮ್ಮನ ಹೆಂಡತಿ.

"ಉಷ್ಣ ಕಣ್ರೀ ಅತ್ತಿಗೆ. ಮೊಟ್ಟೆ, ಚಿಕನ್ನು ಅಂತ ತಿನ್ಸಿ ತಿನ್ಸಿ ಹಿಂಗಾಗದೆ. ಮೂಳೆ ಕರಗಿ ಹೋಯ್ತದೆ ಅಂತಾರೆ. ತಾಲ್ಲೂಕಿನ ಸುದ್ದಿಯೆಲ್ಲ ಬರೀತೀರಿ, ಮನೆ ಮಗೂದು ಗೊತ್ತಾಗ್ಲಿಲ್ವಾ?"

ಅವಳು ನಕ್ಕಳು. ನಾನು ನಗಲಿಲ್ಲ. ನಾನು ಪತ್ರಿಕೆಗೆ ವರದಿ ಮಾಡುವವಳು; ನಮ್ಮ ಊರಿನ ಸುದ್ದಿ ಬೇರೆಯವರ ಪತ್ರಿಕೆಯಲ್ಲಿ ಮೊದಲು ಬಂದರೆ ಆಗುವ ಉರಿ ಗೊತ್ತಿತ್ತು. ಇದು ಅದಕ್ಕಿಂತ ಕೆಟ್ಟದಾಗಿತ್ತು.

ಮಗಳು ಆರನೇ ಕ್ಲಾಸು. ಇನ್ನೂ ದೊಡ್ಡವಳಾಗಿರಲಿಲ್ಲ. ಕೋಣೆಗೆ ಹೋಗಿ ಕೇಳಿದೆ: ಯಾವಾಗಿನಿಂದ, ಯಾವ ಬಣ್ಣ, ವಾಸನೆ ಇದೆಯಾ?

"ಅತ್ತೆ ಹೇಳ್ಬಿಟ್ರಾ?" ಎಂದಳು. ಪುಸ್ತಕ ಮುಚ್ಚಿ ಬಚ್ಚಲಿಗೆ ಹೋಗಿ ಚಿಲಕ ಹಾಕಿಕೊಂಡಳು.

ಡಾಕ್ಟರಿಗೆ ತೋರಿಸೋಣ ಎಂದಾಗ, ಅತ್ತೆ ಬಂದರೆ ಬರುತ್ತೇನೆ ಎಂದಳು. ತಮ್ಮನ ಹೆಂಡತಿ ಬೆಳಗಿನ ಬಸ್ಸಿಗೆ ಬಂದಳು, ತಲೆತುಂಬ ಮಲ್ಲಿಗೆ ಮುಡಿದು, ಫ್ಲಾಸ್ಕಿನಲ್ಲಿ ಸಬ್ಬಕ್ಕಿ ಗಂಜಿ ಹಿಡಿದುಕೊಂಡು. ನಾನು ಮಾಡಿದ ಇಡ್ಲಿ ಬಿಟ್ಟು ಮಗಳು ಗಂಜಿ ಕುಡಿದಳು. ಅದನ್ನೂ ನೋಡಿದೆ.

ಕ್ಲಿನಿಕ್ಕಿನ ಡಾಕ್ಟರಮ್ಮ ನನ್ನ ಕಡೆ ತಿರುಗಿ ಕೇಳಿದರು: ಬಿಳಿಯೋ ಹಳದಿಯೋ? ನೀರಿನ ಹಾಗೋ, ಒಡೆದ ಹಾಲಿನ ಹಾಗೋ? ತುರಿಕೆ? ಮೂತ್ರ ಮಾಡುವಾಗ ಉರಿ? ಜ್ವರ, ಕಿಬ್ಬೊಟ್ಟೆ ನೋವು? ರಕ್ತ ಏನಾದರೂ?

ನಾನು ಮಗಳ ಮುಖ ನೋಡಿದೆ. ಮಗಳು ಅತ್ತೆಯ ಮುಖ ನೋಡಿದಳು. ಅತ್ತೆ ಹೇಳಿದಳು: ಬೇಸಿಗೆ ರಜದಿಂದ, ಬಿಳಿ, ವಾಸನೆಯಿಲ್ಲ, ಈಗೀಗ ಕೆರೆತ, ಉರಿ. ಬೇಸಿಗೆ ರಜ ಎಂದರೆ ಮಗಳು ಅವರ ಮನೆಯಲ್ಲಿದ್ದ ಕಾಲ. ಅಲ್ಲಿಂದ ಬಂದ ಮೇಲೆ ಅವಳ ಬಟ್ಟೆ ಅವಳೇ ಒಗೆದುಕೊಳ್ಳುವುದನ್ನು ಕಂಡು, ಜವಾಬ್ದಾರಿ ಬಂತು ಎಂದು ನಾನು ಆಫೀಸಿನಲ್ಲಿ ಹೇಳಿಕೊಂಡಿದ್ದೆ.

"ಇನ್ನು ಮಗು ಜೊತೆ ಮಾತಾಡ್ಬೇಕು. ಒಬ್ಳೇ ಇರ್ತೀಯೋ, ಯಾರಾದ್ರೂ ಇರ್ಲೋ ಪುಟ್ಟಿ?" ಎಂದರು ಡಾಕ್ಟರಮ್ಮ.

"ಅತ್ತೆ ಇರ್ಲಿ."

"ಅಮ್ಮ?"

"ಅಮ್ಮ ಪ್ರಶ್ನೆ ಕೇಳ್ತಾರೆ."

ನಾನು ಹೊರಗೆ ಬಂದು ಬೆಂಚಿನ ಮೇಲೆ ಕೂತೆ. ಒಳಗೆ ಏನು ಕೇಳುತ್ತಿರಬಹುದೆಂದು ಗೊತ್ತಿತ್ತು. ಅಂಥ ಪ್ರಕರಣಗಳನ್ನು ವರದಿ ಮಾಡಿದ್ದೇನೆ. ಯಾರಾದರೂ ಮುಟ್ಟಬಾರದ ಕಡೆ ಮುಟ್ಟಿದ್ದಾರಾ ಎಂದು ಕೇಳಿಯೇ ಕೇಳುತ್ತಾರೆ. ಆ ಭಯದ ನಡುವೆಯೂ ಇನ್ನೊಂದು ಯೋಚನೆ ಬಿಡಲಿಲ್ಲ: ಹಾಗೇನಾದರೂ ಇದ್ದರೆ ಅದನ್ನು ಮೊದಲು ಕೇಳಿಸಿಕೊಳ್ಳುವವಳು ತಮ್ಮನ ಹೆಂಡತಿ, ನಾನಲ್ಲ.

ಬಾಗಿಲು ತೆರೆಯಿತು. ಒಳಗಿನಿಂದ ಮೂವರೂ ನಗುವ ಸದ್ದು ಕೇಳಿತು.

ಭಯಪಡುವಂಥದ್ದು ಏನೂ ಇರಲಿಲ್ಲ. ಡಾಕ್ಟರಮ್ಮ ಹೊರಗಿನಿಂದಷ್ಟೇ ನೋಡಿದ್ದರು. ಇಷ್ಟು ಚಿಕ್ಕ ಹುಡುಗಿಗೆ ಒಳಗೆ ಉಪಕರಣ ಹಾಕಿ ಪರೀಕ್ಷೆ ಮಾಡುವ ಅಗತ್ಯವಿಲ್ಲ, ಮೂತ್ರ ಪರೀಕ್ಷೆ ಸಾಕು ಎಂದರು. ಅದರಲ್ಲೂ ಸೋಂಕು ಕಾಣಲಿಲ್ಲ. ಮುಟ್ಟು ಶುರುವಾಗುವ ಮುಂಚೆ ದೇಹ ಬದಲಾಗುವಾಗ ಹೀಗೆ ಬಿಳಿ ಹೋಗುವುದು ಸಹಜ. ಉಷ್ಣವೂ ಅಲ್ಲ, ಮೂಳೆಯೂ ಕರಗುವುದಿಲ್ಲ. ಕೆರೆತ, ಉರಿ ಮಾತ್ರ ಬೇರೆ ಕಾರಣಕ್ಕೆ ಬಂದದ್ದು. ಕಲೆ ಕಾಣಬಾರದೆಂದು ಬೆಳಗಿನಿಂದ ಸಂಜೆಯವರೆಗೆ ಸೆಂಟು ಹಾಕಿದ ಪ್ಯಾಡು, ಜೊತೆಗೆ ಸೋಪು ಹಾಕಿ ಉಜ್ಜಿ ತೊಳೆಯುವುದು. ಎರಡೂ ನಿಲ್ಲಲಿ, ಹತ್ತಿ ಬಟ್ಟೆ ಹಾಕಲಿ, ಬರೀ ನೀರಲ್ಲಿ ತೊಳೆಯಲಿ. ಬಣ್ಣ ಹಸಿರು ಹಳದಿಗೆ ತಿರುಗಿದರೆ, ಕೆಟ್ಟ ವಾಸನೆ, ರಕ್ತ, ಜ್ವರ, ಹೊಟ್ಟೆನೋವು ಬಂದರೆ ಕಾಯದೆ ಕರೆದುಕೊಂಡು ಬನ್ನಿ ಎಂದರು.

"ಪ್ಯಾಡು ಯಾರು ಕೊಟ್ಟಿದ್ದು?" ಎಂದೆ.

"ನಾನೇ ಕಣ್ರೀ ಅತ್ತಿಗೆ," ಎಂದಳು ತಮ್ಮನ ಹೆಂಡತಿ. ಮುಖ ಚಿಕ್ಕದಾಗಿತ್ತು. ನನಗೆ ಸಂತೋಷವಾಯಿತು. ಅದನ್ನು ಮುಚ್ಚಿಡುವುದಿಲ್ಲ.

ಅವಳನ್ನು ಬಸ್ಸು ಹತ್ತಿಸಿ ಮನೆಗೆ ನಡೆಯುವಾಗ ಮಗಳನ್ನು ಕೇಳಿದೆ, ನನಗೇಕೆ ಮೊದಲು ಹೇಳಲಿಲ್ಲ ಎಂದು.

"ನೀನೇ ಹೇಳಿದ್ಯಲ್ಲ. ದೊಡ್ಡೋಳಾದ್ರೆ ಮೊದ್ಲು ಸೋದರಮಾವನ ಮನೆಗೆ ತಿಳಿಸ್ಬೇಕು, ಅತ್ತೆ ಬಂದೇ ಮೊದ್ಲ ನೀರು ಹಾಕ್ಬೇಕು ಅಂತ. ಅದೇ ಇದು ಅಂದ್ಕೊಂಡೆ."

ನಮ್ಮ ಕಡೆ ಸಂಪ್ರದಾಯ ಹಾಗೆಯೇ. ನನ್ನನ್ನು ಕೂರಿಸಲು ಮಾವ ಹಸಿರು ಸೊಪ್ಪಿನ ಗುಡ್ಲು ಹಾಕಿದ್ದು, ಅತ್ತೆ ಎಳ್ಳು ಬೆಲ್ಲ ಕುಟ್ಟಿದ ಚಿಗಳಿ ತಂದದ್ದು, ನನ್ನ ಕಾಲದ ಕಥೆಯೆಲ್ಲ ಅವಳಿಗೆ ಹೇಳಿದ್ದೆ. ಆಗ ಹೋಗುವುದು ಕೆಂಪು ಅಂತ ಮಾತ್ರ ಹೇಳಿರಲಿಲ್ಲ. ಹಾಗಾದರೆ ಅವಳು ನನ್ನ ಬದಲು ಅತ್ತೆಯನ್ನು ಆರಿಸಿಕೊಂಡಿರಲಿಲ್ಲ, ನನ್ನ ಮಾತನ್ನೇ ಪಾಲಿಸಿದ್ದಳು. ಇಷ್ಟು ತಿಳಿದ ಮೇಲೆ ಹೊಟ್ಟೆಕಿಚ್ಚು ಆರಬೇಕಿತ್ತು. ಆದರೆ ಕ್ಲಿನಿಕ್ಕಿನಲ್ಲಿ ಅವಳು "ಅತ್ತೆ ಇರ್ಲಿ" ಎಂದದ್ದು ಸಂಪ್ರದಾಯಕ್ಕಲ್ಲ.

ಕೆಲವು ದಿನ ಏನೂ ಕೇಳದೆ ಇದ್ದೆ. ಸುಲಭವಿರಲಿಲ್ಲ. ಒಂದು ಬೆಳಿಗ್ಗೆ ನಾನು ಚಟ್ನಿಗೆ ಕಾಯಿ ತುರಿಯುತ್ತಿದ್ದಾಗ ಅವಳಾಗಿಯೇ ಬಂದು ಪಕ್ಕದಲ್ಲಿ ನಿಂತಳು.

"ಅಮ್ಮ, ಉರಿ ಹೋಯ್ತು. ಕೆರೆತಾನೂ ಇಲ್ಲ. ಬಿಳಿ ಮಾತ್ರ ಸ್ವಲ್ಪ ಇದೆ."

"ಒಳ್ಳೇದಾಯ್ತು," ಎಂದೆ. ಅಲ್ಲಿಗೆ ನಿಲ್ಲಿಸಬೇಕಿತ್ತು. "ಅತ್ತೆಗೆ ಹೇಳಿದ್ಯಾ?"

"ಆಗ್ಲೇ ವಾಯ್ಸ್ ಮೆಸೇಜ್ ಹಾಕ್ದೆ," ಎಂದು ಕಾಯಿತುರಿ ಬಾಯಿಗೆ ಹಾಕಿಕೊಂಡು ಹೋದಳು.