ಒಳಗೇ ಸೋರಿದ ರಕ್ತ

ಗರಗದ ಬೀರವ್ವ ಇಪ್ಪತ್ತೆಂಟು ವರ್ಷದಿಂದ ಊರಿನ ಖಾದಿ ಕೇಂದ್ರದ ಮಗ್ಗಕ್ಕೆ ಕೂತವಳು. ಗಂಡ ತೀರಿಕೊಂಡ ಮೇಲೆ ಮಗ ಪರಮೇಶನನ್ನು ಓದಿಸಿದ್ದು, ಸುಮಲತಾಳನ್ನು ಸೊಸೆಯಾಗಿ ತಂದುಕೊಂಡದ್ದು, ಎಲ್ಲವೂ ಆ ಮಗ್ಗದ ದುಡಿಮೆಯಲ್ಲೇ. ತುಳಿದು ತುಳಿದು ಮೊಣಕಾಲು ಸವೆದಿದ್ದವು. ನೋವಿಗೆಂದು ಅಂಗಡಿಯಿಂದ ತಾನೇ ಕೇಳಿ ತಂದ ಗುಳಿಗೆಯನ್ನು ದಿನಾ ಬೆಳಿಗ್ಗೆ ಬರಿಹೊಟ್ಟೆಯಲ್ಲಿ ಚಹಾದ ಜೊತೆ ನುಂಗುತ್ತಿದ್ದಳು.

ಕಳೆದ ಶ್ರಾವಣದಲ್ಲಿ ಅವಳ ಮಲ ಡಾಂಬರಿನಂತೆ ಕರ್ರಗೆ, ಅಂಟಂಟಾಗಿ ಹೋಗತೊಡಗಿತು. ಗುರೆಳ್ಳು ಚಟ್ನಿ ತಿಂದದ್ದಕ್ಕೆ ಇರಬೇಕು ಅಂದುಕೊಂಡಳು. ಚಟ್ನಿ ಬಿಟ್ಟು ಮೂರು ದಿನವಾದರೂ ಅದೇ ಬಣ್ಣ. ಆಗ ಅವಳಿಗೆ ಹೆದರಿಕೆ ಹತ್ತಿತು. ಅವಳ ಅಕ್ಕ ಹೊಟ್ಟೆಯ ಗಡ್ಡೆಯಿಂದ ಸತ್ತಿದ್ದಳು. ಬಾಯಿಬಿಟ್ಟು ಹೇಳಿದರೆ ಅದೇ ರೋಗದ ಹೆಸರು ತನಗೂ ಬಂದೀತೆಂದು ಯಾರಿಗೂ ಹೇಳದೆ, ಕಕ್ಕಸಿಗೆ ಎರಡು ಬಕೆಟ್ ನೀರು ಸುರಿದು ಬರುತ್ತಿದ್ದಳು.

ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತಿತ್ತು. ಸುಮ್ಮನೆ ಕೂತಿದ್ದರೂ ಹೊಲದಿಂದ ಓಡಿಬಂದವರ ಹಾಗೆ ಎದೆ ಬಡಿದುಕೊಳ್ಳುತ್ತಿತ್ತು.

"ಅತ್ತೀ, ಮಾರಿ ಬೆಳ್ಳಗಾಗೇತ್ರಿ. ದವಾಖಾನಿಗೆ ಹೋಗೂಣ ಬರ್ರಿ," ಅಂದಳು ಸುಮಲತಾ.

"ವಯಸ್ಸಾತು, ಬಿಡವಾ. ನನಗೇನೂ ಆಗಿಲ್ಲ."

ಒಂದು ಮಂಗಳವಾರ, ಹನ್ನೊಂದರ ಸುಮಾರಿಗೆ, ನೇಯುತ್ತಿದ್ದಂತೆಯೇ ಅವಳ ಬೆರಳುಗಳು ತಣ್ಣಗಾದವು. ಕುತ್ತಿಗೆಯಲ್ಲಿ ಬೆವರು ಒಡೆಯಿತು. ನಾಲಿಗೆ ಅಂಗುಳಕ್ಕೆ ಅಂಟುವಷ್ಟು ನೀರಡಿಕೆ. ನೀರು ಕುಡಿಯೋಣವೆಂದು ಎದ್ದಳೋ ಇಲ್ಲವೋ, ಹೊಟ್ಟೆ ತೊಳಸಿ ಬಂದು ನೆಲದ ಮೇಲೆ ವಾಂತಿಯಾಯಿತು. ಬರಿಯ ರಕ್ತ, ನಡುವೆ ಹೆಪ್ಪುಗಟ್ಟಿದ ತುಣುಕುಗಳು.

"ಯಾ ಅಲ್ಲಾ! ಬೀರಕ್ಕಾ!" ಪಕ್ಕದ ಮಗ್ಗದ ರೆಹಮತ್‌ಬಿ ಓಡಿಬಂದು ಅವಳನ್ನು ಒಂದು ಮಗ್ಗುಲಿಗೆ ಮಲಗಿಸಿದಳು. ಬೀರವ್ವ ಏಳಲು ನೋಡಿದಾಗ ಕಣ್ಣ ಮುಂದೆ ಪೂರಾ ಕತ್ತಲೆ. ಮತ್ತೆ ಮಲಗಿದರೆ ಮಾತ್ರ ತಲೆಯ ಮೇಲಿನ ತಗಡು ಕಾಣುತ್ತಿತ್ತು.

ಕೇಂದ್ರದ ಮೇಲ್ವಿಚಾರಕ ಗುರುಶಿದ್ದಪ್ಪ ತನ್ನ ಕಾರು ತಂದ. ಧಾರವಾಡದ ದಾರಿಯುದ್ದಕ್ಕೂ ಬೀರವ್ವ "ನೀರು, ನೀರು" ಅನ್ನುತ್ತಿದ್ದಳು. ಕುಡಿಸಿದರೆ ಮತ್ತೆ ವಾಂತಿಯಾದೀತೆಂದು ರೆಹಮತ್‌ಬಿ ಹಸಿ ಸೆರಗಿನಿಂದ ತುಟಿ ಒರೆಸಿದಳಷ್ಟೆ. ಅವಳು ಮಾತಾಡುತ್ತಲೇ ಇದ್ದಳು, ಆದರೆ ಆ ಮಾತು ಬೀರವ್ವನಿಗೆ ಬರಬರುತ್ತ ದೂರವಾಗಿ ಕೇಳುತ್ತಿತ್ತು. ಆಕಳಿಕೆಯ ಮೇಲೆ ಆಕಳಿಕೆ. ಎಷ್ಟು ಎಳೆದರೂ ಉಸಿರು ಸಾಲದು. ನಾನು ಈ ಕಾರಿನಲ್ಲೇ ಸಾಯುತ್ತೇನೆ, ಸೊಸೆಗೆ ಒಂದು ಮಾತೂ ಹೇಳಲಿಲ್ಲ ಅಂತ ಅವಳಿಗೆ ಅನಿಸಿತು.

ದವಾಖಾನೆಯಲ್ಲಿ ಡಾಕ್ಟರ್ ಕರುಣಾ ಅವಳ ಉಗುರು ಒತ್ತಿ ಬಿಟ್ಟಳು. ಬಿಳಿಚಿದ ಉಗುರಿಗೆ ಬಣ್ಣ ಬೇಗ ಮರಳಲಿಲ್ಲ. ನಾಡಿ ನೂರಾ ಮೂವತ್ತು.

"ಕೈ ಸತ್ತಾವೇನ್ರಿ? ತಣ್ಣಗಾಗ್ಯಾವ," ಬೀರವ್ವ ತೊದಲಿದಳು.

"ಇಲ್ಲವ್ವಾ. ರಕ್ತ ಕಡಿಮಿ ಆದಾಗ ಮೈ ಕೈಕಾಲಿನ ಪಾಲು ಕಸಗೊಂಡು ಎದಿಗೆ, ಮಿದುಳಿಗೆ ಕೊಡತೈತಿ. ಎದಿ ಲಗೂ ಲಗೂ ಬಡದು ಇದ್ದಷ್ಟನ್ನ ಓಡಸ್ತೈತಿ. ನಿಮ್ಮ ಮೈ ಹಿಂಗ ಭಾಳ ದಿನ ಜಗ್ಗಿಕೊಂಡು ಬಂದೈತಿ, ಇನ್ನ ಅದರ ಕೈಲೆ ಆಗೂದಿಲ್ಲ. ಖರೇ ಹೇಳ್ರಿ, ಕರ್ರಗ ಎಷ್ಟ ದಿನದಿಂದ ಹೊಂಟಿತ್ತು?"

"ಇಪ್ಪತ್ತ ದಿನ ಆತ್ರಿ."

ಆಗಷ್ಟೇ ಓಡಿಬಂದಿದ್ದ ಸುಮಲತಾ ಅದನ್ನು ಕೇಳಿ ಬಾಯಿಗೆ ಸೆರಗು ಒತ್ತಿಕೊಂಡಳು. ಹೊರಗೆ ಪರಮೇಶ ರಕ್ತಕ್ಕಾಗಿ ಫೋನಿನ ಮೇಲೆ ಫೋನು ಮಾಡುತ್ತಿದ್ದ. ಬೀರವ್ವನ ಎಡತೋಳಿಗೆ ಪಟ್ಟಿ ಸುತ್ತಿದ್ದ ನರ್ಸ್ ಒಮ್ಮೆಲೇ, "ಮೇಡಂ, ಬಿಪಿ ಇಳ್ಯಾಕತ್ತೈತ್ರಿ!" ಎಂದು ಕೂಗಿದಳು. ಬೀರವ್ವನಿಗೆ ಕೇಳಿಸಿದ ಕೊನೆಯ ಮಾತು ಅದು.

ಕಣ್ಣು ತೆರೆದಾಗ ಸಂಜೆಯಾಗಿತ್ತು. ಮೂರನೆಯ ರಕ್ತದ ಚೀಲ ನೇತಾಡುತ್ತಿತ್ತು, ಬೆರಳಿನ ತುದಿಗಳು ಬೆಚ್ಚಗಾಗುತ್ತಿದ್ದವು. ಗುಳಿಗೆಯಿಂದ ಜಠರದಲ್ಲಿ ಹುಣ್ಣಾಗಿ ಒಂದು ರಕ್ತನಾಳ ಬಾಯಿ ತೆರೆದಿತ್ತಂತೆ. ಬಾಯಿಯಿಂದ ಕೊಳವೆ ಇಳಿಸಿ ಅದನ್ನು ಮುಚ್ಚಿದ್ದರು.

"ಗಡ್ಡಿ ಅಲ್ಲರಿ ಅತ್ತೀ, ಹುಣ್ಣು," ಎಂದು ಸುಮಲತಾ ಎರಡೆರಡು ಸಲ ಹೇಳಬೇಕಾಯಿತು. ಬೀರವ್ವ ನಂಬಲೂ ಹೆದರಿದಳು.

ದೀಪಾವಳಿ ಕಳೆದ ಮೇಲೆ ಅವಳು ಅರ್ಧ ದಿನದ ಕೆಲಸಕ್ಕೆ ಮರಳಿದಳು. ಮೊಣಕಾಲು ಇನ್ನೂ ನೋಯುತ್ತವೆ, ಬಿಸಿನೀರಿನ ಶಾಖವೇ ಗತಿ. ಅವಸರದಲ್ಲಿ ನಡೆದು ಎದೆ ತುಸು ಜೋರಾಗಿ ಬಡಿದರೂ ಸಾಕು, ನಿಂತಲ್ಲೇ ನಿಂತು ತನ್ನ ಉಗುರುಗಳನ್ನು ನೋಡಿಕೊಳ್ಳುತ್ತಾಳೆ. ಹೆದರಿಕೆ ಹೋಗಿಲ್ಲ. ಆದರೆ ಈಗ ಅದನ್ನು ಸೊಸೆಗೆ ಹೇಳುತ್ತಾಳೆ.